ಗಂಟಲು ವಿಭಾಗದ ನೆಂಟರು

ಹೊಟ್ಟೆಯವರು ಗಂಟಲಿಗೆ ಬಂದರೆ ಅವರಿಗೆ ಒಳ್ಳೆಯ ಕುರ್ಚಿ ಕೊಡಬೇಕು. ಇದನ್ನು ಆ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ವಿಭಾಗದಲ್ಲೇ ಕಲಿಯುವ ಎಂಟು ಜನ ಕಿರಿಯ ಡಾಕ್ಟರುಗಳಿಗೆ ಕೂರಲು ಒಂದು ಬೆಂಚೂ ಒಂದು ಕಿಟಕಿ ಕಟ್ಟೆಯೂ ಇದ್ದವು. ಅವರು ಮನೆ ಮಕ್ಕಳು. ಹೊರಗಿನಿಂದ ಎರಡು ತಿಂಗಳ ಮಟ್ಟಿಗೆ ಬಂದವರು ನೆಂಟರು. ನೆಂಟರನ್ನು ಯಾರಾದರೂ ಕಿಟಕಿ ಕಟ್ಟೆಯ ಮೇಲೆ ಕೂರಿಸುತ್ತಾರೆಯೇ?

ಆ ಸಲ ನೆಂಟರಾಗಿ ಬಂದವಳು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಎರಡನೇ ವರ್ಷ ಓದುತ್ತಿದ್ದ ಒಬ್ಬ ಹುಡುಗಿ. ಹುಡುಗಿ ಎಂದರೆ ಇಪ್ಪತ್ತೆಂಟು ದಾಟಿದವಳು; ಡಾಕ್ಟರಿಕೆಯಲ್ಲಿ ಕೂದಲು ನೆರೆಯುವವರೆಗೂ ಎಲ್ಲರೂ ಹುಡುಗರೇ. ಕರುಳು, ಅಪೆಂಡಿಕ್ಸ್, ಪಿತ್ತಕೋಶ ಅವಳ ನಿತ್ಯದ ಕೆಲಸವಾದ್ದರಿಂದ ಬಂದ ದಿನವೇ ಅವಳಿಗೆ ‘ಹೊಟ್ಟೆ ಮೇಡಂ’ ಎಂದು ಹೆಸರು ಬಿತ್ತು. ಕೇಳುವುದಕ್ಕೆ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಅವಳಿಗಿಂತ ಮುಂಚೆ ಬಂದಿದ್ದವನನ್ನು ಬರೀ ‘ಹೊಟ್ಟೆ’ ಎನ್ನುತ್ತಿದ್ದರಂತೆ. ಅದಕ್ಕೆ ಹೋಲಿಸಿದರೆ ಇದು ಬಡ್ತಿಯೇ.

ಅವಳು ಕುರ್ಚಿಗಾಗಿ ಬಂದಿರಲಿಲ್ಲ, ಒಂದೇ ಒಂದು ಕೆಲಸ ಕಲಿಯಲು ಬಂದಿದ್ದಳು. ಗಂಟಲು ಮೇಲೆಲ್ಲೋ ಮುಚ್ಚಿಹೋಗಿ ರೋಗಿಗೆ ಉಸಿರು ಸಿಗದಿದ್ದಾಗ, ಕತ್ತಿನ ಕೆಳಭಾಗವನ್ನು ಕೊಯ್ದು, ಶ್ವಾಸನಾಳದಲ್ಲಿ ಕಿಂಡಿ ಮಾಡಿ, ಬಾಗಿದ ಕೊಳವೆಯೊಂದನ್ನು ಇಡುವ ಕೆಲಸ. ಹೇಳಿದರೆ ಒಂದು ವಾಕ್ಯ. ಕಲಿಯುವವರ ದಾಖಲೆ ಪುಸ್ತಕದಲ್ಲಿ ಅದಕ್ಕೇ ಒಂದು ಪುಟವಿತ್ತು: ‘ಸ್ವಂತ ಕೈಯಿಂದ ಮಾಡಿದ್ದು’ ಎಂದು ಮೇಲೆ, ಕೆಳಗೆ ಐದು ಖಾನೆ, ಒಂದೊಂದು ಖಾನೆಗೂ ಗಂಟಲು ವಿಭಾಗದ ಮುಖ್ಯಸ್ಥರ ಸಹಿ.

ಪುಸ್ತಕದ ಚಿಂತೆ ಅವಳಿಗಿರಲಿಲ್ಲ. ಚಿಂತೆ ಇದ್ದದ್ದು ಒಂಬತ್ತು ನಿಮಿಷದ್ದು. ಹಿಂದಿನ ವರ್ಷ ಅವಳ ವಾರ್ಡಿಗೆ, ಹಲ್ಲಿನ ಕೀವು ಗದ್ದದ ಕೆಳಗೆ ಇಳಿದು ಕತ್ತೆಲ್ಲ ಊದಿಕೊಂಡಿದ್ದ ಒಬ್ಬ ಹೆಂಗಸು ಬಂದಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಉಸಿರು ನಿಲ್ಲುತ್ತ ಬಂತು. ಅರಿವಳಿಕೆಯವರು ಬಾಯಿಂದ ಕೊಳವೆ ಹಾಕಲು ನೋಡಿದರು, ಆಗಲಿಲ್ಲ. ಡ್ಯೂಟಿಯಲ್ಲಿದ್ದ ಹಿರಿಯ, ಅಂದರೆ ಅವಳಿಗಿಂತ ಒಂದು ವರ್ಷ ಮುಂದಿದ್ದ, ಎಲ್ಲರೂ ದೊಡ್ಡಣ್ಣ ಎಂದು ಕರೆಯುತ್ತಿದ್ದವನು, ಗಂಟಲು ವಿಭಾಗಕ್ಕೆ ಫೋನು ಮಾಡಿದ. ಅವರು ಓಡೋಡಿ ಬಂದರು. ಬರುವುದಕ್ಕೆ ಒಂಬತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ದೊಡ್ಡಣ್ಣ ಫೋನು ಹಿಡಿದು ನಿಂತಿದ್ದ, ಇವಳು ಆ ಹೆಂಗಸಿನ ಕೈ ಹಿಡಿದು ನಿಂತಿದ್ದಳು. ಹೆಂಗಸು ಬದುಕಿದಳು. ಆದರೆ ಆಮೇಲೆ ಗಂಡನನ್ನಾಗಲಿ ಇಬ್ಬರು ಮಕ್ಕಳನ್ನಾಗಲಿ ಗುರುತು ಹಿಡಿಯಲಿಲ್ಲ.

ಈ ಎರಡು ತಿಂಗಳು ಮುಗಿದರೆ ವಾರ್ಡಿನ ಡ್ಯೂಟಿ ಅವಳ ತಲೆ ಮೇಲೆ. ಆಗ ಫೋನು ಹಿಡಿದು ನಿಲ್ಲುವವಳು ಅವಳೇ. ಅದು ಅವಳಿಗೆ ಬೇಡವಾಗಿತ್ತು.

ಹೊರಡುವ ಮುಂಚೆ ದೊಡ್ಡಣ್ಣನನ್ನು ಕೇಳಿದ್ದಳು. “ಅಲ್ಲಿ ಏನೂ ಕಷ್ಟ ಇಲ್ಲಮ್ಮ,” ಎಂದಿದ್ದ ಅವನು. “ದೀಪ ಹಿಡ್ಕೋ, ಟೀ ಕುಡಿ, ಕೊನೇಲಿ ಐದು ಸಹಿ ಹಾಕ್ಕೊಡ್ತಾರೆ. ನಂಗೂ ಹಾಕಿದಾರೆ.” ಅವನು ಯಾವಾಗಲೂ ಹೀಗೆ ತಮಾಷೆ ಮಾಡುವವನಾದ್ದರಿಂದ ಅವಳು ನಕ್ಕು ಬಂದಿದ್ದಳು.

ಗಂಟಲು ವಿಭಾಗದ ಮುಖ್ಯಸ್ಥರಿಗೆ ಎಲ್ಲರೂ ಗಂಟಲು ಸರ್ ಎನ್ನುತ್ತಿದ್ದರು. ಸಾವಿರಾರು ಗಂಟಲು ರಿಪೇರಿ ಮಾಡಿದ ಅವರ ಸ್ವಂತ ಗಂಟಲು ಸದಾ ಕಟ್ಟಿರುತ್ತಿತ್ತು. “ಬನ್ನಿ ಬನ್ನಿ ಹೊಟ್ಟೆ ಮೇಡಂ, ದಯವಿಟ್ಟು ಕೂತ್ಕೊಳ್ಳಿ,” ಎಂದು ಅವರು ಗೊರಗೊರ ದನಿಯಲ್ಲಿ ಹೇಳಿದಾಗ ಅವಳಿಗೆ ಮೊದಲು ಅನುಮಾನ ಬಂತು, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. ಅವಳ ವಿಭಾಗದಲ್ಲಿ ಕಲಿಸುವುದು ಎಂದರೆ ಬೈಯುವುದು. ಬೈಗುಳದ ಜೊತೆಗೇ ವಿದ್ಯೆ ಬರುತ್ತಿತ್ತು, ಎರಡನ್ನೂ ಬೇರೆ ಮಾಡಿ ಯಾರೂ ನೋಡಿರಲಿಲ್ಲ. ಇಲ್ಲಿ ಮೂರು ವಾರ ಕಳೆದರೂ ಅವಳಿಗೆ ಒಂದು ಬೈಗುಳ ಬೀಳಲಿಲ್ಲ. ಒಂದು ಕೆಜಿ ತೂಕ ಹೆಚ್ಚಿತು.

ಬೆಳಗಿನ ಪಾಠದಲ್ಲಿ ಗಂಟಲು ಸರ್ ಬೆಂಚಿನ ಆ ತುದಿಯಿಂದ ಪ್ರಶ್ನೆ ಕೇಳುತ್ತ ಬರುವರು. ಉತ್ತರ ತಪ್ಪಿದವರಿಗೆ ಮಂಗಳಾರತಿ. ಅವಳ ಕುರ್ಚಿ ಬಂದಾಗ ಮಾತ್ರ, “ಇವರು ನೆಂಟರು, ಇವರಿಗ್ಯಾಕೆ ಕಷ್ಟ ಕೊಡೋದು,” ಎಂದು ನಕ್ಕು ಕಿಟಕಿ ಕಟ್ಟೆಗೆ ಹಾರುವರು. ಒಂದು ದಿನ ತಡೆಯಲಾರದೆ ಅವಳೇ ಕೈಯೆತ್ತಿ ಉತ್ತರ ಹೇಳಿದಳು. ಉತ್ತರ ಸರಿಯಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನೆಂಟರ ಮನೆಯ ಮಗು ಪದ್ಯ ಒಪ್ಪಿಸಿದಾಗ ತಟ್ಟುವ ಹಾಗೆ. ಅವಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಆಪರೇಷನ್ ಕೋಣೆಯಲ್ಲಿ ಅವಳಿಗೆ ಖಾಯಂ ಕೆಲಸವೊಂದಿತ್ತು. ಅಲ್ಲಿ ಚಾವಣಿಯಿಂದ ತೂಗುವ ದೊಡ್ಡ ದೀಪದ ಕೀಲು ಸಡಿಲಾಗಿ ಎರಡು ವರ್ಷವಾಗಿತ್ತು. ಬಿಟ್ಟರೆ ಮೆಲ್ಲಗೆ ಗೋಡೆಯ ಕಡೆ ತಿರುಗಿಬಿಡುತ್ತಿತ್ತು. ಯಾರೂ ಅದನ್ನು ಸರಿ ಮಾಡಿಸಿರಲಿಲ್ಲ. ಎರಡೆರಡು ತಿಂಗಳಿಗೆ ಒಬ್ಬ ನೆಂಟರು ಬರುತ್ತಿರುವಾಗ ಅದರ ಅಗತ್ಯವೇ ಬಿದ್ದಿರಲಿಲ್ಲ. ಅವಳು ಕಾಲ್ಮಣೆಯ ಮೇಲೆ ಹತ್ತಿ ದೀಪದ ಹಿಡಿ ಹಿಡಿದು ನಿಲ್ಲುವಳು. ಅಲ್ಲಿಂದ ಗಂಟಲು ಸರ್, ಆ ದಿನ ಕೊಯ್ಯುವ ಸರದಿಯವರು, ಸಹಾಯಕರು, ಮೂವರ ಹಸಿರು ಟೋಪಿಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಕತ್ತು ಟೋಪಿಗಳ ಕೆಳಗೆ ಎಲ್ಲೋ ಇತ್ತು. ಆರು ವಾರದಲ್ಲಿ ಏಳು ಕತ್ತುಗಳಾದವು, ಅವಳು ನೋಡಿದ್ದು ಇಪ್ಪತ್ತೊಂದು ಟೋಪಿ.

ಮನೆ ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡವಳು ಮೂರನೇ ವರ್ಷದವಳು, ಹಿರಿಮಗಳು ಎಂದೇ ಅವಳನ್ನು ಕರೆಯುತ್ತಿದ್ದರು. ಸರದಿ ಪಟ್ಟಿ ಅವಳ ಕೈಯಲ್ಲಿತ್ತು. ಇವಳು ಹೋಗಿ ಕೇಳಿದಳು.

“ಒಂದೇ ಒಂದು ಕತ್ತು ನಂಗೂ ಕೊಡ್ತೀರಾ?”

“ಕೊಡ್ಬೋದಿತ್ತು,” ಎಂದಳು ಹಿರಿಮಗಳು. “ಆದ್ರೆ ನೀವು ಮುಂಚೆ ಯಾವತ್ತೂ ಮಾಡಿಲ್ವಲ್ಲ.”

“ಕೊಟ್ರೆ ತಾನೇ ಮಾಡೋದು?”

“ಮಾಡಿದ್ರೆ ತಾನೇ ಕೊಡೋದು?”

ಹುಚ್ಚು ಬಿಡದೆ ಮದುವೆಯಾಗೋಲ್ಲ, ಮದುವೆಯಾಗದೆ ಹುಚ್ಚು ಬಿಡೋಲ್ಲ ಎನ್ನುವ ಮಾತು ಇಬ್ಬರಿಗೂ ಒಟ್ಟಿಗೆ ಹೊಳೆದಿರಬೇಕು, ಇಬ್ಬರೂ ನಕ್ಕರು. ಹಿರಿಮಗಳು ಕೆಟ್ಟವಳಲ್ಲ. “ಬೇಜಾರು ಮಾಡ್ಕೋಬೇಡಿ,” ಎಂದಳು. “ಹೋದ ವರ್ಷ ನಾನೂ ನಿಮ್ಮಲ್ಲಿಗೆ ಬಂದಿದ್ದೆ, ನೆನಪಿದೆಯಾ? ಎರಡು ತಿಂಗಳು ಕರುಳು ಎಳೆದು ಹಿಡ್ಕೊಂಡಿದ್ದೆ. ಅಪೆಂಡಿಕ್ಸ್ ಮೂರು ಅಂತ ಸಹಿ ಹಾಕ್ಕೊಟ್ರು. ಅದು ಎಡಗಡೇನೋ ಬಲಗಡೇನೋ ಅಂತ ಇವತ್ತಿಗೂ ಒಂದು ಕ್ಷಣ ಯೋಚಿಸ್ತೀನಿ.”

ಅವಳಿಗೆ ನೆನಪಿತ್ತು. ಕರುಳು ಹಿಡಿದುಕೊಳ್ಳುವ ಕೊಕ್ಕೆಯನ್ನು ಈ ಹಿರಿಮಗಳ ಕೈಗೆ ಕೊಟ್ಟು, “ಸುಸ್ತಾದ್ರೆ ಹೇಳಿ ಗಂಟಲು ಮೇಡಂ,” ಎಂದು ತುಂಬ ಮರ್ಯಾದೆಯಿಂದ ಹೇಳಿದ್ದವಳು ತಾನೇ.

ಅವಳ ಮನೆಯಲ್ಲಿ ಇದ್ದದ್ದು ಅವಳೂ ಅವಳ ಅಮ್ಮನೂ. ಅಮ್ಮ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಹೊಸಬರು ಬಂದ ಮೊದಲನೆಯ ದಿನವೇ ಅವರ ಕೈಗೆ ಕತ್ತರಿ ಕೊಟ್ಟು, ಒಂದು ಹಳೇ ಹಾಸು ಕೊಟ್ಟು, ಕತ್ತರಿಸು ಎನ್ನುವುದು ಅಮ್ಮನ ಪದ್ಧತಿ.

“ಇವತ್ತೇನು ಕಲ್ತೆ?” ಎಂದು ಕೇಳಿದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ.

“ದೀಪ ಹಿಡಿಯೋದು.”

“ನಿನ್ನೆ?”

“ಅದೇ.”

“ಹತ್ತು ವರ್ಷ ಓದ್ಸಿದೀನಿ,” ಎಂದು ಅಮ್ಮ ಯಂತ್ರಕ್ಕೆ ಹೇಳಿದಳು. “ದೀಪದ ಕಂಬ ಆಗಿದಾಳೆ.”

“ಅದು ಬಟ್ಟೆ ಅಲ್ಲಮ್ಮ, ಕತ್ತು. ಹಾಳಾದ್ರೆ ಆಗ್ಲಿ ಅಂತ ಕೊಡೋಕಾಗಲ್ಲ.”

“ಅದಕ್ಕೇ ಪಕ್ಕದಲ್ಲಿ ಕಲಿಸೋರು ಇರ್ಬೇಕು. ನಾನೇನು ಕತ್ತರಿ ಕೊಟ್ಟು ಪೇಟೆ ಸುತ್ತೋಕೆ ಹೋಗ್ತೀನಾ?”

ಅವಳು ಎದ್ದು ಊಟಕ್ಕೆ ತಟ್ಟೆ ಹಾಕಿದಳು. ಅಮ್ಮನ ಜೊತೆ ವಾದಕ್ಕಿಳಿದರೆ ಸಾಮಾನ್ಯವಾಗಿ ಹೀಗೇ ಆಗುತ್ತಿತ್ತು.

ಕೊನೆಯ ವಾರದ ಸೋಮವಾರ ವಿಭಾಗದ ಗುಮಾಸ್ತ ದಾಖಲೆ ಪುಸ್ತಕ ತಂದು ಗಂಟಲು ಸರ್ ಮುಂದೆ ಬಿಡಿಸಿಟ್ಟ. ಅವರು ಪೆನ್ನಿನ ಮುಚ್ಚಳ ತೆಗೆದು, ಅವಳನ್ನು ನೋಡಿ ನಗುತ್ತಲೇ ಮೊದಲನೆಯ ಖಾನೆಗೆ ಕೈ ಹಾಕಿದರು. ಕಣ್ಣು ಪುಸ್ತಕದ ಮೇಲಿರಲಿಲ್ಲ. ಅಷ್ಟು ಅಭ್ಯಾಸ.

“ಸರ್, ನಾನು ಮಾಡಿಲ್ಲ,” ಎಂದಳು.

“ಏನನ್ನ?”

“ಇದನ್ನ. ಒಂದನ್ನೂ ಮಾಡಿಲ್ಲ.”

“ಗೊತ್ತಲ್ಲ,” ಎಂದರು ಗಂಟಲು ಸರ್. ಅವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. “ನಿಮ್ಮ ಕಡೆಯಿಂದ ಬಂದೋರು ಯಾರೂ ಮಾಡಿರಲ್ಲ.”

ಆಗ ಅವಳಿಗೆ ತಿಳಿಯಿತು. ದೊಡ್ಡಣ್ಣ ತಮಾಷೆ ಮಾಡಿರಲಿಲ್ಲ. ಆ ದಿನ ಫೋನು ಹಿಡಿದು ನಿಂತದ್ದು ಜಾಗ್ರತೆಗಲ್ಲ, ನಿಯಮಕ್ಕಲ್ಲ. ಅವನಿಗೆ ಆ ಕೆಲಸ ಬರುತ್ತಿರಲಿಲ್ಲ. ಬರುತ್ತದೆ ಎಂದು ಐದು ಸಹಿ ಇದ್ದುದರಿಂದ, ಅದು ನಿಜವಾಗಿ ಬರುವವರನ್ನು ಆ ವಾರ್ಡಿನಲ್ಲಿ ಇಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

“ಸಹಿ ಬೇಡ ಸರ್.”

ಗುಮಾಸ್ತ ತಲೆಯೆತ್ತಿದ. ಗಂಟಲು ಸರ್ ಪೆನ್ನು ಕೆಳಗಿಟ್ಟರು. ಎಲೆ ಮುಂದಿನಿಂದ ನೆಂಟರು ಎದ್ದುಹೋದರೆ ಮನೆ ಯಜಮಾನನ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವರ ಮುಖ. “ಇಪ್ಪತ್ತೆರಡು ವರ್ಷದಿಂದ ಹಾಕ್ತಿದೀನಿ,” ಎಂದರು. “ಒಬ್ರೂ ಬೇಡ ಅಂದಿಲ್ಲ. ನೋಡಿ, ವರ್ಷಕ್ಕೆ ಸಿಗೋದು ಅರವತ್ತು ಕತ್ತು. ನಮ್ಮ ಮಕ್ಕಳೇ ಎಂಟು ಜನ. ನಿಮಗೆ ಕಲಿಸೋ ಹೊತ್ತಿಗೆ ನೀವು ಗಂಟುಮೂಟೆ ಕಟ್ಟಿರ್ತೀರಿ. ನಿಮ್ಮನ್ನ ಬರಿಗೈಯಲ್ಲಿ ಕಳಿಸೋಕೆ ನಂಗೆ ಮನಸ್ಸು ಬರಲ್ಲ, ಅದಕ್ಕೆ ಸಹಿ.”

“ಊಟ ಹಾಕೋಕೆ ಆಗಲ್ಲ ಅಂದ್ರೆ ಪರವಾಗಿಲ್ಲ ಸರ್. ಉಂಡಳು ಅಂತ ಮಾತ್ರ ಬರೀಬೇಡಿ.”

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಗುಮಾಸ್ತ ಅಷ್ಟರಲ್ಲಿ ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದು, ಧೂಳು ಕೊಡವಿ, ಹುಡುಕಿ, ಇಪ್ಪತ್ತೆರಡು ವರ್ಷದಲ್ಲಿ ಯಾರೂ ಬಳಸದ ಒಂದು ನಿಯಮವನ್ನು ಬೆರಳಿಟ್ಟು ತೋರಿಸಿದ. ಅವನಿಗೆ ತುಂಬ ಸಂತೋಷವಾದಂತಿತ್ತು.

“ಖಾನೆ ಖಾಲಿ ಉಳಿದ್ರೆ ಮೇಡಂ ಇನ್ನೂ ಎರಡು ತಿಂಗಳು ಇಲ್ಲೇ ಇರ್ಬೇಕು ಸರ್.”

“ಇಲ್ಲೇನಾ?”

“ಇಲ್ಲೇ. ಆಮೇಲೂ ಖಾಲಿ ಇದ್ರೆ ಮತ್ತೆ ಎರಡು ತಿಂಗಳು.”

ಗಂಟಲು ಸರ್ ಅವಳನ್ನು ನೋಡಿದರು, ಆಮೇಲೆ ಕುರ್ಚಿಯನ್ನು ನೋಡಿದರು. ಒಂದನೇ ತಾರೀಖಿಗೆ ಮೂಳೆ ವಿಭಾಗದಿಂದ ಮುಂದಿನ ನೆಂಟರು ಬರುವವರಿದ್ದರು. ಒಳ್ಳೆಯ ಕುರ್ಚಿ ಇದ್ದದ್ದು ಒಂದೇ. ಸತ್ಯ ಹೇಳುವ ನೆಂಟಳನ್ನು ಎರಡು ತಿಂಗಳು ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ಕಲಿಸಿ ಕಳಿಸುವುದೇ ಸುಲಭ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಅವರ ಮುಖದಲ್ಲೇ ಕಾಣಿಸಿತು.

“ಮುಂದಿನ ಕತ್ತು ನಿಮ್ದು,” ಎಂದರು.

ಮುಂದಿನ ಕತ್ತು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬಂತು. ಕೆಲಸದಿಂದ ನಿವೃತ್ತನಾದ ಒಬ್ಬ ಬಸ್ ಕಂಡಕ್ಟರ್. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದು ಒಂದೊಂದು ಉಸಿರಿಗೂ ಸಿಳ್ಳೆ ಹೊಡೆದಂತೆ ಸದ್ದಾಗುತ್ತಿತ್ತು. ಪೂರ್ತಿ ಮಲಗಿಸಿದರೆ ಉಸಿರು ಸಿಗದು, ಆದ್ದರಿಂದ ಅರೆಬರೆ ಒರಗಿಸಿ, ಕತ್ತಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎಚ್ಚರವಿರುವಾಗಲೇ ಕೊಯ್ಯಬೇಕಿತ್ತು. ಗಂಟಲು ಸರ್ ಅವನ ಹತ್ತಿರ ಬಗ್ಗಿ ಹೇಳಿದರು: “ಕೊಯ್ಯೋರು ಇವರು. ಇವರಿಗೆ ಇದು ಮೊದಲ್ನೇದು. ನಾನು ಪಕ್ಕದಲ್ಲೇ ಇರ್ತೀನಿ, ಕೈ ಮೇಲೆ ಕೈ ಇಟ್ಟಿರ್ತೀನಿ. ಬೇಡ ಅಂದ್ರೆ ಬೇಡ ಅನ್ನಿ.” ಕಂಡಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೂವತ್ತು ವರ್ಷ ಜನರನ್ನು ಬಸ್ಸಿಗೆ ಹತ್ತಿಸಿದವನಿಗೆ ಯಾರು ಎಲ್ಲಿ ಇಳಿಯುತ್ತಾರೆ ಎಂಬ ಅಂದಾಜು ಇತ್ತೋ ಏನೋ. ಇದ್ದ ಚೂರು ಉಸಿರಿನಲ್ಲಿ, “ರೈಟ್,” ಎಂದ.

ಹಿರಿಮಗಳು ಯಾರೂ ಹೇಳದೆಯೇ ಕಾಲ್ಮಣೆ ಹತ್ತಿ ದೀಪ ಹಿಡಿದಳು.

ಹೊಟ್ಟೆ ಮೇಡಂ ಚಾಕು ಇಟ್ಟು ಎಳೆದಳು. ಹೊಟ್ಟೆ ಕೊಯ್ದು ಅಭ್ಯಾಸವಾದ ಕೈ, ತನ್ನ ಪಾಡಿಗೆ ಉದ್ದಕ್ಕೆ ಹೊರಟಿತು.

“ನಿಲ್ಸು!” ಎಂದು ಗಂಟಲು ಸರ್ ಅವಳ ಮಣಿಕಟ್ಟು ಹಿಡಿದರು. “ಎಷ್ಟುದ್ದ ಕೊಯ್ತೀಯ? ಇಲ್ಲಿಂದ ಕರುಳು ತೆಗೀಬೇಕಾ?”

ಅವಳು ನಿಲ್ಲಿಸಿದಳು. ಬಟ್ಟೆಯಿಂದ ರಕ್ತ ಒತ್ತಿ ಒರೆಸಿ, ಸ್ನಾಯುಗಳನ್ನು ಎರಡೂ ಬದಿಗೆ ಸರಿಸುತ್ತ ಹೋದಳು.

“ನಡು ಬಿಟ್ಟು ಎಲ್ಲಿಗೆ ಹೋಗ್ತಿದೀಯ? ಯಾರು ಕರೆದ್ರು ಆ ಕಡೆಗೆ? ವಾಪಸ್ ಬಾ. ಏನು ಹುಡುಕ್ತಿದೀಯ?”

“ಶ್ವಾಸನಾಳ ಕಾಣ್ತಿಲ್ಲ ಸರ್.”

“ಕಾಣಲ್ಲ. ಕಣ್ಣಲ್ಲಿ ಹುಡುಕಿದ್ರೆ ಸಾಯೋವರೆಗೂ ಕಾಣಲ್ಲ. ಚಾಕು ಕೆಳಗಿಡು. ಬೆರಳು ಹಾಕು.”

ಬೆರಳು ಹಾಕಿದಳು. ಮೊದಲು ಎಲ್ಲವೂ ಮೆತ್ತಗಿತ್ತು. ಗಂಟಲು ಸರ್ ತಮ್ಮ ಬೆರಳನ್ನು ಅವಳ ಬೆರಳಿನ ಮೇಲೆ ಇಟ್ಟು ಒಂದಿಷ್ಟು ಒತ್ತಿದರು. ಆಗ ಸಿಕ್ಕಿತು: ಬಟ್ಟೆಯಲ್ಲಿ ಸುತ್ತಿಟ್ಟ ಬಳೆಗಳಂತೆ, ಒಂದರ ಕೆಳಗೊಂದು, ಗಟ್ಟಿಯಾಗಿ. ಉಸಿರಿನೊಂದಿಗೆ ಮೇಲೆ ಕೆಳಗೆ ಆಡುತ್ತಿದ್ದವು. ಅವಳು ಎಣಿಸಿದಳು. ಮೊದಲನೆಯದು, ಎರಡನೆಯದು, ಮೂರನೆಯದು.

“ಸಿಕ್ತು ಸರ್.”

“ಸಿಕ್ತಾ? ಇನ್ನು ನಿನ್ನ ಬೆರಳು ಇದನ್ನ ಮರೆಯಲ್ಲ. ಈಗ ಕೊಯ್ಯಿ.”

ಕೊಯ್ದಳು. ಬುಸ್ಸೆಂದು ಗಾಳಿ ಹೊರಬಂತು. ಕಂಡಕ್ಟರ್ ಕೆಮ್ಮಿದ, ಅವಳ ಕನ್ನಡಕದ ಮೇಲೆಲ್ಲ ರಕ್ತದ ಚುಕ್ಕೆ ಹಾರಿತು. “ಕೊಳವೆ! ಏನು ನೋಡ್ತಾ ನಿಂತಿದೀಯ, ಫೋಟೋ ತೆಗೀಬೇಕಾ?” ಕೊಳವೆ ಇಟ್ಟಳು, ತಿರುಗಿಸಿದಳು, ಅದು ಕೂತಿತು. ಸಿಳ್ಳೆ ನಿಂತಿತು. ಅದು ಎಷ್ಟು ಜೋರಾಗಿತ್ತು ಎನ್ನುವುದು ನಿಂತ ಮೇಲೆಯೇ ಎಲ್ಲರಿಗೂ ತಿಳಿದದ್ದು. ಕಂಡಕ್ಟರ್ ಕಣ್ಣು ಮುಚ್ಚಿದ. ಎಷ್ಟೋ ದಿನದಿಂದ ಉಸಿರಿಗಾಗಿ ಎದ್ದು ಕೂತೇ ಕಳೆದಿದ್ದವನು, ಹೊಲಿಗೆ ಮುಗಿಯುವ ಮುಂಚೆಯೇ ನಿದ್ದೆ ಹೋದ.

ಅವಳಿಗೆ ಅಳು ಬಂತು. ಮಾಸ್ಕ್ ಇದೆ, ಯಾರಿಗೂ ತಿಳಿಯಲಿಲ್ಲ ಎಂದುಕೊಂಡಳು. ಎಲ್ಲರಿಗೂ ತಿಳಿದಿತ್ತು.

ಕೋಣೆಯಿಂದ ಹೊರಗೆ ಬಂದೊಡನೆ ಗಂಟಲು ಸರ್ ಮತ್ತೆ ಮರ್ಯಾದೆಗೆ ಹಿಂದಿರುಗಿದರು. “ಕೂತ್ಕೊಳ್ಳಿ ಮೇಡಂ,” ಎಂದು ದಾಖಲೆ ಪುಸ್ತಕ ತರಿಸಿದರು. ಈ ಸಲ ಕಣ್ಣು ಪುಸ್ತಕದ ಮೇಲಿತ್ತು. ಮೊದಲನೆಯ ಖಾನೆಯಲ್ಲಿ ತಾರೀಖು ಬರೆದು ಸಹಿ ಹಾಕಿದರು. ಉಳಿದ ನಾಲ್ಕನ್ನು ಸ್ವಲ್ಪ ಹೊತ್ತು ನೋಡಿ, ಒಂದೊಂದರಲ್ಲೂ ‘ಕಲಿಸಿಲ್ಲ’ ಎಂದು ದುಂಡಗೆ ಬರೆದು, ಅದರ ಕೆಳಗೂ ಸಹಿ ಹಾಕಿದರು. ಗುಮಾಸ್ತ ತಿರುಗಿಸಿ ಮುರುಗಿಸಿ ನೋಡಿದ. ಖಾನೆ ಯಾವುದೂ ಖಾಲಿ ಇರಲಿಲ್ಲ, ಆದ್ದರಿಂದ ನಿಯಮದ ಪ್ರಕಾರ ಮೇಡಂ ಹೋಗಬಹುದು ಎಂದ.

ಒಂದನೇ ತಾರೀಖು ಅವಳು ತನ್ನ ವಿಭಾಗಕ್ಕೆ ಮರಳಿದಳು. ಅಲ್ಲಿನ ಮುಖ್ಯಸ್ಥರು ಎಲ್ಲರೆದುರು ಪುಸ್ತಕ ತೆರೆದರು, ಕನ್ನಡಕ ಏರಿಸಿದರು, ಇಳಿಸಿದರು.

“ಇದೇನಮ್ಮ ಇದು? ಎಲ್ಲರೂ ಐದು ತಂದಿದಾರೆ. ನೀನೊಬ್ಳು ಒಂದು! ಕಲಿಸಿಲ್ಲ ಅಂತ ಅವರೇ ಬರೆದುಕೊಡೋವಷ್ಟು ದಡ್ಡಿಯಾದ್ಯಾ ನೀನು? ಎರಡು ತಿಂಗಳು ಅಲ್ಲಿ ನಿದ್ದೆ ಮಾಡ್ತಿದ್ಯಾ?” ಇಪ್ಪತ್ತು ನಿಮಿಷ ಅವರು ಬಿಡಲಿಲ್ಲ. ಐದು ತಂದಿದ್ದವರೆಲ್ಲ ಸಾಲಾಗಿ ನಿಂತು ಕೇಳಿದರು. ದೊಡ್ಡಣ್ಣ ನೆಲ ನೋಡುತ್ತ ನಿಂತಿದ್ದ. ಒಂದು ಮಾತು ಹೇಳಿದ್ದರೆ ಅವನನ್ನೂ ಉಳಿದವರನ್ನೂ ಬೀದಿಗೆ ತರಬಹುದಿತ್ತು. ಅವಳು ಹೇಳಲಿಲ್ಲ. ಅದು ದೊಡ್ಡತನವೇನಲ್ಲ, ಸಿಟ್ಟಿನಿಂದ ಅವಳಿಗೆ ಬಾಯಿ ಕಟ್ಟಿತ್ತು.

ಸಂಜೆ ನಾಲ್ಕಕ್ಕೆ, ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯಲ್ಲಿ ಅವಳೊಬ್ಬಳೇ ಹತ್ತಿ ಸುತ್ತುತ್ತಿದ್ದಾಗ ದೊಡ್ಡಣ್ಣ ಬಂದ. ಬಾಗಿಲು ಮುಂದೆ ಮಾಡಿ, ಕೈ ತೊಳೆಯುವ ತೊಟ್ಟಿಗೆ ಒರಗಿ ನಿಂತ. ತಮಾಷೆಯ ಮಾತೇನೂ ಬರಲಿಲ್ಲ.

“ಆ ಹೆಂಗಸಿನ ಗಂಡ ಈಗ್ಲೂ ಬರ್ತಾನೆ,” ಎಂದ. “ಔಷಧಿ ಚೀಟಿಗೆ. ನನ್ನ ಕಂಡ್ರೆ ಕೈ ಮುಗೀತಾನೆ. ನೀವು ಬೇಗ ಫೋನ್ ಮಾಡಿದ್ರಿಂದ ಉಳಿದ್ಲು ಅಂತಾನೆ.”

ಅವಳು ಹತ್ತಿ ಸುತ್ತುವುದನ್ನು ನಿಲ್ಲಿಸಿದಳು.

“ಪುಸ್ತಕದಲ್ಲಿ ಎಲ್ಲಾ ಓದಿದೀನಿ,” ಎಂದ ದೊಡ್ಡಣ್ಣ. “ಬಾಯಿಪಾಠ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಇವತ್ತು ಯಾರಾದ್ರೂ ಹಾಗೇ ಬಂದ್ರೆ…” ತೊಟ್ಟಿಯ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದ. “ನಂಗೆ ತೋರಿಸ್ತೀಯಾ?”

ಸಮಾಧಾನ ಹೇಳಬೇಕು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ವಾರ್ಡಿನಲ್ಲಿ ಇಪ್ಪತ್ತಾರು ಹಾಸಿಗೆಗಳಿದ್ದವು, ಡ್ಯೂಟಿ ಒಂದು ದಿನ ಅವಳದು, ಒಂದು ದಿನ ಅವನದು.

“ತಲೆ ಹಿಂದಕ್ಕೆ ಹಾಕಿ,” ಎಂದಳು. “ಕಣ್ಣು ಮುಚ್ಚಿ. ನಿಮ್ಮ ಬೆರಳು, ನಿಮ್ಮ ಕತ್ತು. ಎಲ್ಲಿ ಕೊಯ್ತೀರಿ ತೋರಿಸಿ.”

ಅವನು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ವಾಲಿಸಿದ. ಬೆರಳು ಕತ್ತಿನ ಮೇಲೆ ಅಲೆದಾಡಿ ಒಂದು ಕಡೆ ನಿಂತಿತು.

“ಅಲ್ಲಿ ಕೊಯ್ದ್ರೆ ಧ್ವನಿಪೆಟ್ಟಿಗೆ ಹೋಗುತ್ತೆ ಅಣ್ಣ. ಅದು ಗಂಟಲಲ್ಲ, ನಿಮ್ಮ ಮಾತು. ಐದು ಸಲ ಮಾಡಿದೋರ ಬೆರಳಾ ಇದು?”

ಅವನು ಬೆರಳನ್ನು ಒಂದಿಷ್ಟು ಇಳಿಸಿದ.

“ಇನ್ನೂ ಕೆಳಗೆ,” ಎಂದಳು.